ನಲ್ಲಿ ಪಕ್ಕದ ಗೊಣ್ಣೆಹುಳ

ಮಾರ್ಚ್ 3, ಸೋಮವಾರ

ಡಾಕ್ಟರು ಹೇಳಿದರೆಂದು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನನಗೂ ದಿನಚರಿಗೂ ಏನು ಸಂಬಂಧ? ಮೂವತ್ತೊಂದು ವರ್ಷದಿಂದ ಬ್ಯಾಟರಿ ರಿಪೇರಿ ಮಾಡುವವನು ನಾನು. ಇಷ್ಟು ದಿನ ಬರೆದದ್ದೇನಿದ್ದರೂ ಬ್ಯಾಟರಿಯ ನೆತ್ತಿಯ ಮೇಲೆ, ಸೀಮೆಸುಣ್ಣದಲ್ಲಿ. ‘ಚಾರ್ಜ್ ಆಗಿದೆ.’ ‘ಸತ್ತಿದೆ.’ ಅಷ್ಟೇ.

ಹೊಟ್ಟೆನೋವು, ತಲೆನೋವು, ಕೈಬೆರಳು ಜೋಮು ಹಿಡಿಯುತ್ತದೆ ಎಂದು ಹೋದರೆ ಆ ಮನುಷ್ಯ ಬಿಪಿ ನೋಡಿ, ನನ್ನನ್ನು ಬಿಟ್ಟು ಪಕ್ಕದಲ್ಲಿದ್ದ ನನ್ನ ಹೆಂಡತಿಯ ಕಡೆ ತಿರುಗಿದರು. “ಇವರಿಗೆ ಕೋಪ ಜಾಸ್ತೀನಾ?” ಇವಳು ಈ ಪ್ರಶ್ನೆಗೇ ಮದುವೆಯಾದ ದಿನದಿಂದ ಕಾಯುತ್ತಿದ್ದವಳಂತೆ, “ಜಾಸ್ತೀನಾ ಅಂತ ಎಷ್ಟು ಮೆಲ್ಲಗೆ ಕೇಳ್ತೀರಲ್ಲ ಡಾಕ್ಟ್ರೇ!” ಎಂದಳು. ಇನ್ನು ಮೇಲೆ ದಿನಕ್ಕೆ ಎಷ್ಟು ಸಲ ಕೋಪ ಬಂತು, ಯಾರ ಮೇಲೆ, ಎಲ್ಲವನ್ನೂ ಬರೆದಿಡಬೇಕಂತೆ.

ಇವತ್ತು ನಾಲ್ಕು. ಡಾಕ್ಟರ ಮೇಲೆ ಒಂದು, ಇವಳ ಮೇಲೆ ಒಂದು, ದಾರಿಗೆ ಅಡ್ಡ ಬಂದ ಸ್ಕೂಟರಿನವನ ಮೇಲೆ ಒಂದು, ಈ ಪುಸ್ತಕದ ಮೇಲೆ ಒಂದು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಹಿತ್ತಲಿಗೆ ಹೋದವನ ಕಾಲು ನೆಲದೊಳಗೆ ಹೋಯಿತು. ನೋಡಿದರೆ ಪ್ಲಾಸ್ಟಿಕ್ ಲೋಟ! ಬಾಯಿ ಮಟ್ಟಕ್ಕೆ ಮಣ್ಣಲ್ಲಿ ಹೂತಿಟ್ಟಿದ್ದಾರೆ, ತಳದಲ್ಲಿ ಸೋಪಿನ ನೀರು, ನೀರಿನಲ್ಲಿ ನಾಲ್ಕು ಕಪ್ಪು ದುಂಬಿ. ನಾನು ಕೂಗಿಕೊಂಡೆ. ಮಹಡಿಯ ಮೇಲೆ ಬಾಡಿಗೆಗೆ ಬಂದಿರುವ ಹುಡುಗಿ ಕಿಟಕಿಯಿಂದ ತಲೆ ಹಾಕಿ, “ಅಯ್ಯೋ ಅಂಕಲ್, ಮೂರನೇ ನಂಬರ್ ತುಳಿದ್ರಾ?” ಎಂದಳು. ನನ್ನ ಕಾಲಿನ ಬಗ್ಗೆ ಒಂದು ಮಾತಿಲ್ಲ.

ಹುಳಗಳ ಬಗ್ಗೆ ಸಂಶೋಧನೆ ಮಾಡುತ್ತಾಳಂತೆ. ಓದಿದ ಹುಡುಗಿ, ಮರ್ಯಾದೆಯ ಹುಡುಗಿ ಎಂದು ಮನೆ ಕೊಟ್ಟರೆ ನನ್ನ ಹಿತ್ತಲಲ್ಲಿ ಏಳು ಕಡೆ ಗುಂಡಿ ತೋಡಿದ್ದಾಳೆ. ಯಾರನ್ನು ಕೇಳಿದೆ ಅಂದರೆ, “ಆಂಟಿ ಹ್ಞೂಂ ಅಂದ್ರು.” ಆಂಟಿ ಯಾವತ್ತಾದರೂ ನನಗೆ ಹ್ಞೂಂ ಅಂದದ್ದುಂಟೇ?

“ಹುಳ ಹಿಡಿದು ಏನಮ್ಮಾ ಮಾಡ್ತೀಯ?”

“ಅದರೊಳಗೆ ಎಷ್ಟು ಲೋಹ ಇದೆ ಅಂತ ನೋಡ್ತೀನಿ ಅಂಕಲ್. ಸೀಸ, ಕ್ಯಾಡ್ಮಿಯಂ, ಇಂಥವು. ಮಣ್ಣಲ್ಲಿ ಇರೋದು ಹುಳದ ಹೊಟ್ಟೆಗೆ ಹೋಗುತ್ತೆ. ಅದು ಸ್ವಲ್ಪ ಹೊರಗೆ ಹಾಕುತ್ತೆ, ಮಿಕ್ಕಿದ್ದನ್ನ ಕರುಳಲ್ಲೇ ಸಣ್ಣ ಸಣ್ಣ ಗಂಟು ಕಟ್ಟಿ ಇಟ್ಕೊಳ್ಳುತ್ತೆ. ಆ ಹುಳಾನ ಇನ್ನೊಬ್ಬರು ತಿಂದ್ರೆ ಗಂಟೂ ಅವರಿಗೇ.”

ನನ್ನ ಹೆಂಡತಿಯ ಅಣ್ಣ ನೆನಪಾದ. ಅವನೂ ಯಾರಿಗೂ ಕೊಡದೆ ಗಂಟು ಕಟ್ಟಿಡುವವನೇ. ಇನ್ನು ಮೇಲೆ ಅವನ ಹೆಸರು ದುಂಬಿ.

ಇವತ್ತು ಐದು. ಅದರಲ್ಲಿ ಮೂರು ಹುಳದ ಮೇಡಂ ಮೇಲೆ.

ಮಾರ್ಚ್ 9, ಭಾನುವಾರ

ಮಗಳು ಬಂದಿದ್ದಳು. ಎರಡು ಬೀದಿ ಆಚೆಗೇ ಅವಳ ಮನೆ. ಈಗ ಐದು ತಿಂಗಳು. ದಿನಾ ಎರಡು ಮೊಟ್ಟೆ ಅವಳಿಗೆ ಹೋಗಲೇಬೇಕು ಎಂದು ನಾನು ಕಟ್ಟಪ್ಪಣೆ ಮಾಡಿದ್ದೇನೆ. ನಾನೇ ಒರೆಸಿ, ಪೇಪರಿನಲ್ಲಿ ಸುತ್ತಿ ಇಡುತ್ತೇನೆ. ಅಳಿಯ ಬಸ್ ಓಡಿಸುವವನು. ಬೆಳಗಿನ ಟ್ರಿಪ್ಪಿನಲ್ಲಿ ನಮ್ಮ ಮನೆ ಮುಂದೆ ಬಸ್ ನಿಲ್ಲಿಸಿ ಮೊಟ್ಟೆ ಇಸಿದುಕೊಂಡು ಹೋಗುತ್ತಾನೆ. ಬಸ್ಸಿನೊಳಗಿನವರು ಗೊಣಗುತ್ತಾರೆ. ಗೊಣಗಲಿ, ಅವರೇನು ಬಸುರಿಯೇ?

ನಮ್ಮದು ಮೂರು ಕೋಳಿ. ದೊಡ್ಡತ್ತೆ ಎಲ್ಲರ ಮೇಲೂ ದರ್ಬಾರು ಮಾಡುತ್ತಾಳೆ. ಗುಮಾಸ್ತೆ ತಲೆ ಬಗ್ಗಿಸಿ ತನ್ನ ಪಾಡಿಗೆ ತಾನು ಕೆದಕುತ್ತಾಳೆ. ಇನ್ಸ್‌ಪೆಕ್ಟರ್ ಎಲ್ಲೆಂದರಲ್ಲಿ ನುಗ್ಗಿ ತಪಾಸಣೆ ಮಾಡುತ್ತಾಳೆ. ಅಂಗಡಿ ಮೊಟ್ಟೆಯೊಳಗೆ ಏನಿರುತ್ತದೋ ಯಾರು ಕಂಡಿದ್ದಾರೆ? ನಮ್ಮದಾದರೆ ಕಣ್ಣೆದುರಿಗೇ ಆದದ್ದು.

ಸೀಸ ಕೆಟ್ಟದ್ದೆಂದು ಹುಳದ ಮೇಡಂ ನನಗೆ ಪಾಠ ಹೇಳಲು ಬಂದಳು. ಮನೆ ಮುಂದಿನ ನನ್ನ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಹಳೆಯ ಬ್ಯಾಟರಿ ಒಡೆದು ಸೀಸದ ಪ್ಲೇಟು ತೆಗೆದವನಿಗೆ! ನನ್ನ ಮೇಸ್ತ್ರಿ ಅದೇ ಕೈಯಲ್ಲಿ ಊಟಕ್ಕೆ ಕೂರುತ್ತಿದ್ದ. ನಾನು ಹಾಗಲ್ಲ. ಕೈ ತೊಳೆಯದೆ ಒಂದು ದಿನವೂ ಮನೆಯೊಳಗೆ ಕಾಲಿಟ್ಟವನಲ್ಲ. ಬೆರಳು, ಮೊಣಕೈ, ಏಪ್ರನ್, ಬೂಟು, ಎಲ್ಲ ಹಿತ್ತಲ ನಲ್ಲಿಯಲ್ಲಿ. ಬೂದು ಕೆಸರು ಹೋಗಿ ತಿಳಿನೀರು ಬರುವ ತನಕ. ನೀರು ನಿಂಬೆಗಿಡದ ಬುಡಕ್ಕೆ ಹೋಗುತ್ತದೆ, ಅದೂ ದಂಡವಿಲ್ಲ.

ಮಗಳು ಇದನ್ನು ಕೇಳಿ ನಕ್ಕು ಮೇಡಂ ಕಡೆ ತಿರುಗಿದಳು. “ಹೌದು, ನಾನು ಬಾಗಿಲಲ್ಲಿ ಎರಡೂ ಕೈ ಎತ್ತಿ ‘ಅಪ್ಪಾ ಎತ್ಕೋ’ ಅಂತ ಕುಣೀತಿದ್ದೆ. ಇವರು ‘ಅಲ್ಲೇ ನಿಲ್ಲು, ಮುಟ್ಟಬೇಡ’ ಅಂತ ಗದರಿಸ್ಕೊಂಡು ಗಂಟೆಗಟ್ಟಲೆ ತೊಳೀತಿದ್ರು. ಆಮೇಲೆ ನಾನು ಅದೇ ನಲ್ಲಿ ಪಕ್ಕದ ಕೆಸರಲ್ಲಿ ಬೊಂಬೆಗೆ ಅಡುಗೆ ಮಾಡ್ತಿದ್ದೆ.”

ಹುಳದ ಮೇಡಂ ನಗಲಿಲ್ಲ. ಹುಳ ನೋಡಿ ನೋಡಿ ಹಾಗಾಗಿರಬೇಕು.

ಇವತ್ತು ಎರಡೇ.

ಮಾರ್ಚ್ 14, ಶುಕ್ರವಾರ

ಅನಾಹುತ! ಹುಳದ ಮೇಡಂ ಲೋಟದಲ್ಲಿ ಬಿದ್ದವನ್ನೆಲ್ಲ ತೊಳೆದು, ಬಿಳಿ ಹಾಳೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದರ ಪಕ್ಕಕ್ಕೂ ನಂಬರು ಬರೆದು ಟೆರೇಸಿನಲ್ಲಿ ಒಣಗಲು ಇಟ್ಟಿದ್ದಳು. ನಲವತ್ತಾರು ಹುಳ. ಇನ್ಸ್‌ಪೆಕ್ಟರ್ ಮೆಟ್ಟಿಲು ಹತ್ತಿ ತಪಾಸಣೆಗೆ ಹೋಗಿದ್ದಾಳೆ. ನಾವು ಹೋಗಿ ನೋಡುವಾಗ ನಂಬರುಗಳು ಮಾತ್ರ ಇದ್ದವು.

ಆ ಹುಡುಗಿ ಮೆಟ್ಟಿಲ ಮೇಲೆ ಕುಸಿದು ಕೂತಳು. “ಹತ್ತು ದಿನದ ಕೆಲಸ ಅಂಕಲ್...” ಎಂದು ಶುರು ಮಾಡಿದವಳಿಗೆ ಅರ್ಧಕ್ಕೇ ನಗು ಬಂತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಇನ್ಸ್‌ಪೆಕ್ಟರ್ ಅವಳ ಕಾಲ ಬಳಿ ಬಂದು ಇನ್ನೇನಾದರೂ ಉಂಟೇ ಎಂಬಂತೆ ಕತ್ತು ಕೊಂಕಿಸಿದಳು. ನನಗೆ ಪಾಪ ಅನ್ನಿಸಿತು, ಕೋಳಿಯನ್ನು ನೋಡಿ.

“ಸರಿ, ನನ್ನ ಲೆಕ್ಕ ಎಲ್ಲಾ ಅವಳ ಹೊಟ್ಟೇಲಿದೆ. ಈ ವಾರ ಅವಳಿಡೋ ಮೊಟ್ಟೆ ನನಗೆ ಕೊಡಿ. ಹೋಲಿಸೋಕೆ ಮಿಕ್ಕಿಬ್ಬರದ್ದೂ ಒಂದೊಂದು ಬೇಕು. ಹುಳ ಮತ್ತೆ ಹಿಡಿಯೋಕೆ ನೀವೂ ಬರ್ಬೇಕು.”

“ನಾನ್ಯಾಕಮ್ಮಾ?”

“ನಿಮ್ಮ ಕೋಳಿ ತಾನೆ?”

ಇವಳು ಕಿಟಕಿಯಿಂದ, “ಹೋಗ್ರೀ, ಬೈಯೋಕೆ ಹೊಸಬರು ಸಿಗ್ತಾರೆ” ಎಂದಳು.

ಎಷ್ಟು ಸಲ ಕೋಪ ಬಂತೋ ಎಣಿಸಲಿಲ್ಲ. ಮೂರು ಎಂದಿರಲಿ.

ಮಾರ್ಚ್ 20, ಗುರುವಾರ

ಈ ವಯಸ್ಸಿನಲ್ಲಿ ಮಂಡಿಯೂರಿ ಹುಳ ಹುಡುಕುವ ಗ್ರಹಚಾರ. ಆದರೂ ನಾನು ಹಿಡಿದಷ್ಟು ಅವಳು ಹಿಡಿಯಲಾರಳು ಎಂದು ಇಲ್ಲಿ ಬರೆದಿಡುತ್ತೇನೆ. ಕಂಪೌಂಡ್ ಗೋಡೆಯ ಹತ್ತಿರ ಮಿಡತೆ ಆರು. ಸೌದೆ ಕೆಳಗೆ ಓಡುವ ಕರಿ ದುಂಬಿ ಒಂಬತ್ತು. ನಿಂಬೆಗಿಡದ ಬುಡದಲ್ಲಂತೂ ಹಬ್ಬ! ಬಿಳೀ ಗೊಣ್ಣೆಹುಳ, ಹೆಬ್ಬೆರಳಿನಷ್ಟು ದಪ್ಪ, ಮುಟ್ಟಿದರೆ ಉಂಗುರದ ಹಾಗೆ ಸುತ್ತಿಕೊಳ್ಳುತ್ತದೆ. ಆ ಮಣ್ಣು ಯಾವಾಗಲೂ ಒದ್ದೆ. ಕೋಳಿಗಳೂ ದಿನವಿಡೀ ಅಲ್ಲೇ ಕೆದಕುತ್ತವೆ.

ಜೇಡಕ್ಕೆ ಎಂಟು ಕಣ್ಣು ಇರುತ್ತದೆಂದು ಇಷ್ಟು ದಿನ ನನಗೆ ಯಾರೂ ಹೇಳಿರಲಿಲ್ಲ. ಕೆಲವಕ್ಕೆ ಆರೇ ಅಂತೆ. ಈ ವಿಷಯವನ್ನು ಮೂರು ಜನ ಗಿರಾಕಿಗಳಿಗೆ ಹೇಳಿದೆ. ಒಬ್ಬ ಬ್ಯಾಟರಿ ಬಿಟ್ಟೇ ಹೋದ.

ಮೇಡಂ ಗೊಣ್ಣೆಹುಳವನ್ನು ಬೆಳಕಿಗೆ ಹಿಡಿದು, “ಈ ನೀರು ಎಲ್ಲಿಂದ ಬರುತ್ತೆ ಅಂಕಲ್?” ಎಂದು ಕೇಳಿದಳು. ನಲ್ಲಿಯಿಂದ ಎಂದೆ. ನೀರು ಇನ್ನೆಲ್ಲಿಂದ ಬರುತ್ತದೆ?

ಒಂದು. ಬ್ಯಾಟರಿ ಬಿಟ್ಟು ಹೋದವನ ಮೇಲೆ.

ಮಾರ್ಚ್ 26, ಬುಧವಾರ

ಹುಳದ ಮೇಡಂ ಸಂಜೆ ಅಂಗಡಿಗೇ ಬಂದಳು. ಕೈಯಲ್ಲಿ ನಮ್ಮ ಹಿತ್ತಲಿನ ನಕ್ಷೆ. ಲೋಟ ಇದ್ದ ಕಡೆಯೆಲ್ಲ ಒಂದೊಂದು ಅಂಕಿ. ಹೋಲಿಸಲೆಂದು ಪಾರ್ಕಿನಿಂದ ತಂದ ಹುಳದಲ್ಲಿ ಸೀಸ ಒಂದು ಪಾಲು ಇದ್ದರೆ ನಮ್ಮ ಗೋಡೆ ಪಕ್ಕದ್ದರಲ್ಲಿ ಹನ್ನೆರಡು ಪಾಲು. ಸೌದೆ ಹತ್ತಿರ ಮೂವತ್ತು. ನಲ್ಲಿಯ ಹತ್ತಿರ ಬಂದ ಹಾಗೆ ಅಂಕಿ ದಪ್ಪವಾಗುತ್ತಾ ಹೋಗುತ್ತದೆ. ನಿಂಬೆಗಿಡದ ಗೊಣ್ಣೆಹುಳದ್ದು ಎಂಬತ್ತು. ಹಾಳೆಯ ಕೆಳಗೆ ಮೊಟ್ಟೆಯ ಅಂಕಿ, ಅದೂ ದಪ್ಪವೇ.

“ಇನ್ಸ್‌ಪೆಕ್ಟರ್ ನಿನ್ನ ಹುಳ ತಿಂದಳಲ್ಲ, ಅದಕ್ಕೇ ಅವಳ ಮೊಟ್ಟೆ ಹಾಗೆ ಬಂದಿರುತ್ತೆ” ಎಂದೆ.

“ಮೂರೂ ಕೋಳೀದೂ ಹಾಗೇ ಇದೆ ಅಂಕಲ್. ದಿನಾ ತಿನ್ನೋದು ಅದೇ ಹುಳ, ಅದೇ ಮಣ್ಣು. ಸೀಸ ಹಳದಿಯಲ್ಲಿ ಸೇರ್ಕೊಳ್ಳುತ್ತೆ.” ಸ್ವಲ್ಪ ತಡೆದು ಕೇಳಿದಳು, “ಈ ಮೊಟ್ಟೆ ಯಾರ್ಯಾರು ತಿಂತೀರಾ?”

ನಾನು ಕಿರುಚಿದೆ. ನಿನ್ನ ಮಿಷನ್ನು ಕೆಟ್ಟಿದೆ ಎಂದೆ. ನಾಳೆಯೇ ಮನೆ ಖಾಲಿ ಮಾಡು ಎಂದೆ. ಆ ಹುಡುಗಿ ನಕ್ಷೆಯನ್ನು ಬೆಂಚಿನ ಮೇಲಿಟ್ಟು, ಅದು ಹಾರಿಹೋಗದಂತೆ ಒಂದು ಸೀಸದ ತುಂಡನ್ನೇ ಮೇಲಿಟ್ಟು ಹೋದಳು.

ಒಂದು. ದೊಡ್ಡದು.

ಮಾರ್ಚ್ 27, ಗುರುವಾರ

ಕೆಲಸ ಮುಗಿಸಿ ನಲ್ಲಿಯ ಹತ್ತಿರ ಹೋದೆ. ತಿರುಗಿಸಲಿಲ್ಲ. ಕೈ ಮುಂದೆ ಚಾಚಿಕೊಂಡು ಸುಮ್ಮನೆ ನಿಂತಿದ್ದೆ.

ಮಾರ್ಚ್ 30, ಭಾನುವಾರ

ಮಗಳಿಗೆ ಹೇಗೆ ಹೇಳಲಿ? ದಿನಾ ಎರಡು, ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಬೇಡ ಎಂದಾಗಲೂ ಗದರಿಸಿ ತಿನ್ನಿಸಿದವನು ನಾನು. ಹೇಳುತ್ತೇನೆ. ನಾಳೆ ಹೇಳುತ್ತೇನೆ.

ಅಲ್ಲಿಯವರೆಗೆ ಎಂದು ಗುರುವಾರದಿಂದಲೇ ಒಂದು ಉಪಾಯ ಮಾಡಿದ್ದೇನೆ. ನಮ್ಮ ಮೊಟ್ಟೆಗಳನ್ನು ಅಂಗಡಿಯ ಮೂಲೆಯಲ್ಲಿ ಸತ್ತ ಲಾರಿ ಬ್ಯಾಟರಿಯ ಖಾಲಿ ಡಬ್ಬಿಯೊಳಗೆ ಬಚ್ಚಿಡುವುದು. ಮೂಲೆ ಅಂಗಡಿಯ ಮೊಟ್ಟೆ ತಂದು, ಅದರ ಮೇಲಿನ ಕೆಂಪು ಸೀಲು ಉಜ್ಜಿ ತೆಗೆದು, ಪೇಪರಿನಲ್ಲಿ ಸುತ್ತಿ ಅಳಿಯನಿಗೆ ಕೊಡುವುದು. ಇವಳಿಗೂ ಅಂಗಡಿಯದ್ದೇ. ದೊಡ್ಡತ್ತೆ ಮಾತ್ರ ಮೊಟ್ಟೆಯಿಟ್ಟ ಕೂಡಲೇ ಲೋಕಕ್ಕೆಲ್ಲ ಸಾರುತ್ತಾಳೆ. ಅವಳ ಬಾಯಿ ಮುಚ್ಚಿಸುವುದು ಹೇಗೋ ತಿಳಿಯದು.

ಮೇಡಂ ಮನೆ ಖಾಲಿ ಮಾಡಿಲ್ಲ. ಎದುರಿಗೆ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಾಳೆ. ತಗ್ಗಿಸಬೇಕಾದ್ದು ಯಾರ ತಲೆ?

ಏಪ್ರಿಲ್ 2, ಬುಧವಾರ

ಸಿಕ್ಕಿಬಿದ್ದೆ.

ಮಧ್ಯಾಹ್ನ ಊಟಕ್ಕೆ ಬಂದರೆ ಅಡುಗೆಮನೆ ಮೇಜಿನ ಮೇಲೆ ಬ್ಯಾಟರಿ ಡಬ್ಬಿ, ಅದರಲ್ಲಿ ಹದಿಮೂರು ಮೊಟ್ಟೆ. ಒಂದು ಪಕ್ಕದಲ್ಲಿ ಇವಳು, ಇನ್ನೊಂದು ಪಕ್ಕದಲ್ಲಿ ಮಗಳು. ಮಗಳ ಕೈಯಲ್ಲೊಂದು ಮೊಟ್ಟೆ.

“ಅಪ್ಪ, ನಮ್ಮ ಗುಮಾಸ್ತೆ ಎಷ್ಟು ಬುದ್ಧಿವಂತೆ ಆಗಿದ್ದಾಳೆ ನೋಡು. ಈಗ ಸೀಲು ಹಾಕಿ ಮೊಟ್ಟೆ ಇಡ್ತಾಳೆ.”

ಒಂದು ಬದಿ ಉಜ್ಜಿದ್ದೆ, ಇನ್ನೊಂದು ಬದಿ ನೋಡಿರಲಿಲ್ಲ. ಇಬ್ಬರೂ ನಗುತ್ತಿದ್ದರು. ನಾನು ಕೂತುಕೊಂಡೆ. ಹೇಳಿದೆ. ಹುಳ, ನಕ್ಷೆ, ನಿಂಬೆಗಿಡ, ನಲ್ಲಿ. ನಾನು ಮನೆಯೊಳಗೆ ತರಬಾರದು ಎಂದು ಮೂವತ್ತೊಂದು ವರ್ಷ ತೊಳೆದು ತೊಳೆದು ಬಿಟ್ಟದ್ದು ಹೋದದ್ದಾದರೂ ಎಲ್ಲಿಗೆ? ಆ ಗಿಡದ ಬುಡಕ್ಕೆ, ಅಲ್ಲಿಂದ ಹುಳಕ್ಕೆ, ಹುಳದಿಂದ ಕೋಳಿಗೆ. ಕೋಳಿಯಿಂದ ಮೊಟ್ಟೆಗೆ. ಮಗಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

“ಯಾವಾಗ ಗೊತ್ತಾಯ್ತು ನಿನಗೆ?”

“ಹೋದ ಬುಧವಾರ.”

“ಇವತ್ತು ಬುಧವಾರ.” ಅವಳು ಎದ್ದಳು. “ನಲ್ಲಿ ವಿಷಯಕ್ಕೆ ನಾನು ಏನೂ ಅನ್ನಲ್ಲ ಅಪ್ಪ. ನಿನಗೆ ಗೊತ್ತಿರಲಿಲ್ಲ. ಆದ್ರೆ ಈ ಒಂದು ವಾರ ನಾನು ಡಾಕ್ಟರ ಹತ್ರ ಹೋಗಬಹುದಿತ್ತು. ನೀನು ಕೂತ್ಕೊಂಡು ಸೀಲು ಉಜ್ಜುತಿದ್ದೆ.”

ಹೋಗಿಬಿಟ್ಟಳು. ಇವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಹಡಿ ಹತ್ತಿ ಹೋಗಿ ಆ ಹುಡುಗಿಯ ಬಾಗಿಲು ತಟ್ಟಿದೆ. “ತಪ್ಪಾಯ್ತಮ್ಮಾ. ರಕ್ತ ಪರೀಕ್ಷೆ ಎಲ್ಲಿ ಮಾಡ್ತಾರೆ?” ಎಂದೆ. ಅವಳು ಏನೂ ಕೇಳದೆ ಚಪ್ಪಲಿ ಹಾಕಿಕೊಂಡು ಜೊತೆಗೆ ಬಂದಳು.

ಏಪ್ರಿಲ್ 9, ಬುಧವಾರ

ಎಲ್ಲರ ರಿಪೋರ್ಟೂ ಬಂತು. ನನ್ನದನ್ನು ನೋಡಿ ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. “ಏನು ಕೆಲಸ ಮಾಡ್ತೀರಿ ಅಂತ ಮೊದಲೇ ಕೇಳಬೇಕಿತ್ತು ನಾನು,” ಎಂದರು. ಹೊಟ್ಟೆನೋವು, ಜೋಮು, ಬಿಪಿ ಎಲ್ಲಕ್ಕೂ ಇದೇ ಕಾರಣ ಇರಬಹುದಂತೆ. ಸಿಡುಕಿಗೂ ಕೂಡ.

ಇವಳು ಬಾಯಿಬಿಟ್ಟು ನನ್ನನ್ನೇ ನೋಡಿದಳು. “ಅಂದ್ರೆ ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಸೀಸದ ಜೊತೆಗಾ?”

ಮಗಳದ್ದು ಇರಬೇಕಾದ್ದಕ್ಕಿಂತ ಹೆಚ್ಚಿದೆ. ಹೆದರುವಷ್ಟಿಲ್ಲ, ಆದರೆ ಬಿಡುವ ಹಾಗೂ ಇಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಕೊಟ್ಟು, ಆರು ವಾರ ಬಿಟ್ಟು ಮತ್ತೆ ನೋಡೋಣ ಎಂದರು. ಸೀಸ ಮೂಳೆಯಲ್ಲಿ ಅವಿತುಕೊಂಡಿರುತ್ತದಂತೆ. ಮಗುವಿನ ಮೂಳೆ ಬೆಳೆಯಲು ತಾಯಿಯ ಮೂಳೆಯಿಂದ ಸುಣ್ಣ ಹೊರಡುವಾಗ ಜೊತೆಗೆ ಅದೂ ಹೊರಡುತ್ತದೆ. “ಬರೀ ಮೊಟ್ಟೆಯಿಂದ ಬಂದಿದ್ದು ಅಂತ ಹೇಳೋಕಾಗಲ್ಲ. ಚಿಕ್ಕವರಿದ್ದಾಗ ಎಲ್ಲಿ ಆಟ ಆಡ್ತಿದ್ರಿ?” ಎಂದು ಅವಳನ್ನು ಕೇಳಿದರು.

ಮಗಳು ನನ್ನ ಕಡೆ ಒಂದು ಸಲ ನೋಡಿದಳು. “ಮನೇಲೇ ಡಾಕ್ಟ್ರೇ” ಎಂದಳು.

ಹೊರಗೆ ಬಂದ ಮೇಲೆ ನನ್ನ ಜೊತೆ ಮಾತಾಡಲಿಲ್ಲ. ಅಳಿಯನ ಕೈ ಹಿಡಿದು ರಸ್ತೆ ದಾಟಿದಳು. ನನಗೆ ಅಳು ಬಂತು. ಆಸ್ಪತ್ರೆಯ ಹೂಕುಂಡದ ಹತ್ತಿರ ನಿಂತು ಅತ್ತೆ. ಕುಂಡದ ಅಂಚಿನಲ್ಲಿ ಇರುವೆ ಸಾಲು ಹೋಗುತ್ತಿತ್ತು, ಪಕ್ಕಕ್ಕೆ ಸರಿದು ನಿಂತೆ.

ಏಪ್ರಿಲ್ 27, ಭಾನುವಾರ

ಮೂರು ವಾರದಿಂದ ಪುರುಸೊತ್ತಿಲ್ಲ. ಅಂಗಡಿಯಲ್ಲೇ ಕೈ ತೊಳೆಯಲು ಬೇಸಿನ್ನು, ಅದರ ಕೆಳಗೆ ಮುಚ್ಚಳ ಇರುವ ಡ್ರಮ್ಮು. ಒಂದು ಹನಿ ನೆಲಕ್ಕೆ ಬೀಳುವಂತಿಲ್ಲ. ಹಳೆಯ ಬ್ಯಾಟರಿ ಒಯ್ಯುವ ಕಾರ್ಖಾನೆಯವರು ಡ್ರಮ್ಮನ್ನೂ ಒಯ್ಯಲು ಒಪ್ಪಿದ್ದಾರೆ. ಕೆಲಸದ ಬಟ್ಟೆ ಅಂಗಡಿಯಲ್ಲೇ ಬಿಚ್ಚಿ ಬೇರೆ ಹಾಕಿಕೊಳ್ಳುತ್ತೇನೆ. ನಲ್ಲಿಯ ಸುತ್ತ ಮೊಣಕಾಲುದ್ದ ಮಣ್ಣು ತೆಗೆಸಿದ್ದಾಯಿತು. ಧೂಳೇಳದಂತೆ ನೀರು ಚಿಮುಕಿಸಿ, ಮೂಗು ಬಾಯಿ ಕಟ್ಟಿಕೊಂಡು. ಹುಳದ ಮೇಡಂ ಪಕ್ಕದಲ್ಲೇ ನಿಂತು, “ಮಾಸ್ಕ್ ಅಂಕಲ್, ಮಾಸ್ಕ್!” ಎಂದು ನೂರು ಸಲ ಕೂಗಿದಳು. ಪಾಪ, ಗಂಟಲು ಕಟ್ಟಿತು ಅವಳಿಗೆ. ಶುಂಠಿ ಕಷಾಯ ಮಾಡಿಕೊಡು ಎಂದು ಇವಳಿಗೆ ಹೇಳಿದೆ.

ನಿಂಬೆಗಿಡ ಹೋಯಿತು. ಕೋಳಿಗಳು ಈಗ ಟೆರೇಸಿನಲ್ಲಿ, ಹೊಸ ಮಣ್ಣು ತುಂಬಿದ ತೊಟ್ಟಿ, ಚೀಲದ ಕಾಳು. ಇನ್ನೂ ಎಷ್ಟೋ ತಿಂಗಳು ಅವುಗಳ ಮೊಟ್ಟೆ ತಿನ್ನುವಂತಿಲ್ಲ. ದೊಡ್ಡತ್ತೆ ಆದರೂ ಸಾರುವುದನ್ನು ಬಿಟ್ಟಿಲ್ಲ. ಇಟ್ಟದ್ದನ್ನೆಲ್ಲ ಮೇಡಂ ಒಯ್ದು ಪರೀಕ್ಷೆ ಮಾಡುತ್ತಾಳೆ. ನನಗೆ ಅಂಕಿ ಬರೆದುಕೊಡುತ್ತಾಳೆ, ನಾನು ಗೋಡೆಗೆ ಅಂಟಿಸುತ್ತೇನೆ.

ಮೇಲಿನ ರಸ್ತೆಯ ನಾಲ್ಕು ಬ್ಯಾಟರಿ ಅಂಗಡಿಗಳಿಗೂ ಹೋಗಿ, ತೊಳೆದ ನೀರು ಎಲ್ಲಿಗೆ ಬಿಡುತ್ತೀರಿ ಎಂದು ಕೇಳಿದೆ. ಇಬ್ಬರು ಗೊಳ್ಳೆಂದು ನಕ್ಕರು. “ಹುಳದ ಪಂಡಿತರು ಬಂದ್ರು!” ಎಂದ ಒಬ್ಬ. ಜೇಡಕ್ಕೆ ಎಷ್ಟು ಕಣ್ಣು ಹೇಳು ನೋಡೋಣ ಎಂದೆ, ಅವನಿಗೆ ಗೊತ್ತಿರಲಿಲ್ಲ. ಕೂರಿಸಿ ಎಲ್ಲ ಹೇಳಿದೆ. ನಾಡಿದ್ದು ಮತ್ತೆ ಹೋಗಬೇಕು.

ಮಗಳು ಬಂದಿಲ್ಲ. ಅಮ್ಮನ ಜೊತೆ ದಿನಾ ಫೋನಿನಲ್ಲಿ ಮಾತಾಡುತ್ತಾಳೆ. ನಾನು ತೆಗೆದುಕೊಂಡರೆ, “ಮಾತ್ರೆ ತಗೊಂಡೆಯಾ ಅಪ್ಪ? ಸರಿ” ಅಷ್ಟೇ.

ಡಾಕ್ಟರಿಗೆ ತೋರಿಸಲೆಂದು ಈ ಪುಸ್ತಕದ ಹಿಂದಿನ ಪುಟ ತಿರುವಿದರೆ ಕೋಪದ ಲೆಕ್ಕ ಬರೆಯುವುದು ಎಂದೋ ಬಿಟ್ಟುಹೋಗಿದೆ. ಮರೆವು ಜಾಸ್ತಿಯಾಗುತ್ತಿದೆ ಎಂದು ಡಾಕ್ಟರಿಗೆ ಹೇಳಬೇಕು.

ಮೇ 22, ಗುರುವಾರ

ಸಂಜೆ ಅಂಗಡಿಯಲ್ಲಿದ್ದೆ. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿದ್ದೆ, ಎರಡೂ ಕೈ ಮೊಣಕೈವರೆಗೆ ಬೂದು. ಹಿಂದಿನ ಬಾಗಿಲು ಕಿರ್ ಎಂದಿತು. ಮಗಳು! ಕೈಯಲ್ಲಿ ರಿಪೋರ್ಟು. ಹೊಸಿಲು ದಾಟಿ ಒಂದು ಕಾಲು ಮುಂದಿಟ್ಟಿದ್ದಾಳೆ.

“ಅಲ್ಲೇ ನಿಲ್ಲು! ಮುಟ್ಟಬೇಡ!” ನನ್ನ ದನಿಗೆ ಮಹಡಿಯ ಮೇಲೆ ಕೋಳಿಗಳು ಕೂಡ ಸುಮ್ಮನಾದವು.

ಅವಳು ಹಿಂದೆ ಸರಿದು ಬಾಗಿಲಲ್ಲೇ ನಿಂತಳು. “ಕಡಿಮೆ ಆಗಿದೆ ಅಪ್ಪ,” ಎಂದಳು. “ಅರ್ಧಕ್ಕಿಂತ ಕೆಳಗೆ. ಮಗು ಚೆನ್ನಾಗಿ ಬೆಳೀತಿದೆಯಂತೆ. ಫೋನಲ್ಲೇ ಹೇಳಬಹುದಿತ್ತು.”

ನಾನು ಬೇಸಿನ್ನಿನ ಹತ್ತಿರ ಹೋಗಿ ತೊಳೆಯಲು ನಿಂತೆ. ಬೆರಳು, ಉಗುರ ಸಂದಿ, ಮೊಣಕೈ. ಸೋಪು ಹಾಕಿ ಒಂದು ಸಲ, ಇನ್ನೊಂದು ಸಲ, ಮತ್ತೊಂದು ಸಲ. ನೀರೆಲ್ಲ ಡ್ರಮ್ಮಿಗೆ ಬಿತ್ತು. ಏಪ್ರನ್ ಬಿಚ್ಚಿದೆ, ಬೂಟು ಬಿಚ್ಚಿದೆ, ಅಂಗಿ ಬದಲಾಯಿಸಿ ಮತ್ತೆ ಕೈ ತೊಳೆದೆ. ಹತ್ತು ನಿಮಿಷವಾದರೂ ಆಗಿರಬೇಕು. ಅವಳು ಹೋಗಿರುತ್ತಾಳೆ ಎಂದುಕೊಂಡು ತಿರುಗಿದೆ.

ಹೋಗಿರಲಿಲ್ಲ. ಎಂಟು ತಿಂಗಳ ಹೊಟ್ಟೆ ಮುಂದೆ ಮಾಡಿಕೊಂಡು, ಎರಡೂ ಕೈ ಮೇಲೆತ್ತಿ ನಿಂತಿದ್ದಳು.

“ಅಪ್ಪಾ, ಎತ್ಕೋ.”

ಎತ್ತಿಕೊಳ್ಳಲಾಗಲಿಲ್ಲ. ಇಬ್ಬರಿದ್ದರು.